ಮಂಗಳವ್ವನ ಕೆಂಪು ತತ್ತಿ

ಮಂಗಳವ್ವನ ಹೆಣದ ಹಣೆಗೆ ಅರಿಶಿನದ ಭಂಡಾರ ಹಚ್ಚುತ್ತಿದ್ದ ಬೀರವ್ವನ ಕೈ ಹಿಂದಿನಿಂದ ಬಂದ ಮಾತಿಗೆ ನಿಂತಿತು.

“ಬ್ಯಾಡಗಿ ಸೀಮ್ಯಾಗ ಅಂಥಾ ತತ್ತಿ ಯಾರ ಮನ್ಯಾಗೂ ಇರಲಿಲ್ಲ ಬಿಡವಾ. ಒಡದ್ರ ಒಳಗ ಕುಂಕುಮದಂಗ ಕೆಂಪು!” ಓಣಿಯ ಗದಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸತ್ತ ಮೇಲೂ ಅದೇ ಹೊಗಳಿಕೆ. ಮಂಗಳವ್ವನದು, ಬೀರವ್ವನದು ಗೋಡೆಗೆ ಗೋಡೆ ಹಚ್ಚಿದ ಮನೆ. ಇಬ್ಬರೂ ಕೋಳಿ ಸಾಕಿದವರು. ಮಂಗಳವ್ವ ಪೇಟೆಯ ಮೆಣಸಿನಕಾಯಿ ಕಸ ತಂದು ತನ್ನ ಕೋಳಿಗಳಿಗೆ ಸುರಿಯುತ್ತಿದ್ದಳು; ತತ್ತಿಗೆ ಆ ಬಣ್ಣ ಬರುತ್ತಿತ್ತು. ಬೀರವ್ವನ ಕೋಳಿಗಳು ಹಿತ್ತಲು ಕೆದರಿ ಹುಳ ತಿನ್ನುತ್ತಿದ್ದವು. ಅವುಗಳ ತತ್ತಿಯ ಹಳದಿ ಬಿಳಚು. ಗಿರಾಕಿಗಳು ಇವಳ ಬಾಗಿಲು ದಾಟಿಯೇ ಅಲ್ಲಿಗೆ ಹೋಗುತ್ತಿದ್ದರು.

*

ಹಿಂದಿನ ವರ್ಷ ಧಾರವಾಡದಿಂದ ಮೇಘಾ ಎಂಬ ಹುಡುಗಿ ಬಂದಿದ್ದಳು. ಹೊಲಕ್ಕೆ ಹೊಡೆಯುವ ವಿಷದೆಣ್ಣೆ ಹಕ್ಕಿಗಳ ತತ್ತಿಯೊಳಗಿನ ‘ಎ’ ಜೀವಸತ್ವವನ್ನು ಏನು ಮಾಡುತ್ತದೆಂಬುದು ಅವಳ ಅಧ್ಯಯನ. ಕೆರೆಯಂಚಿನ ಬೆಳ್ಳಕ್ಕಿ ಗೂಡಿನಿಂದ, ಇವರಿಬ್ಬರ ಮನೆಯಿಂದ ತತ್ತಿ ಒಯ್ದಳು.

ಅವಳು ಮತ್ತೆ ಬಂದ ದಿನ ಬೀರವ್ವ ಸಂತೆಯಿಂದ ಮರಳುತ್ತಿದ್ದಳು. ಮೇಘಾ ಮಂಗಳವ್ವನ ಕಟ್ಟೆಯ ಮೇಲೆ ಕೂತಿದ್ದಳು.

“ಬರ್ರಿ ಬೀರವ್ವಾ, ನಿಮಗೂ ಹೇಳೋದೈತಿ.”

“ಅಕೀಗೇ ಹೇಳವಾ. ರಾಣಿ ಅಕಿ!” ಬೀರವ್ವ ಬಾಗಿಲು ಹಾಕಿಕೊಂಡಳು.

ಮರುದಿನದಿಂದ ಮಂಗಳವ್ವ ಊರಿನವರಿಗೆ ತತ್ತಿ ಮಾರುವುದನ್ನೇ ನಿಲ್ಲಿಸಿದಳು. ಇನ್ನು ಎಲ್ಲ ಧಾರವಾಡದವರಿಗೇ ಮೀಸಲಿರಬೇಕು ಎಂದುಕೊಂಡು ಬೀರವ್ವ ಒಳಗೊಳಗೇ ಬೆಂದಳು.

*

“ನನ್ನ ಮಗಳು ಕತ್ತಲಾದ್ರ ಗ್ವಾಡಿ ಹಿಡಕೊಂಡು ನಡೀತಿದ್ಲು,” ಎಂದಳು ಹೆಣದ ಬಳಿ ಕೂತಿದ್ದ ಎದುರುಮನೆಯ ಮುಮ್ತಾಜಬಿ. “ಡಾಕ್ಟರು ಗುಳಿಗಿ ಕೊಟ್ಟು, ತತ್ತೀನೂ ತಿನ್ನಸು ಅಂದ್ರು. ಮಂಗಳವ್ವ ತಪ್ಪದ ಕೊಟ್ಲು, ಪುಕ್ಕಟ.”

ಬೀರವ್ವ ಹಲ್ಲು ಕಚ್ಚಿದಳು. “ಊರಿಗೆ ಇಲ್ಲದ ಕೆಂಪು ತತ್ತಿ ನಿನಗಷ್ಟ ಕೊಟ್ಲೇನು?”

“ಕೆಂಪಲ್ಲವಾ. ನಿನ್ನವು.”

“ಏನಂದಿ?”

“ನೀ ಶೇಖಪ್ಪನ ಅಂಗಡಿಗೆ ಕೊಟ್ಟ ತತ್ತೀನ ತರಸ್ತಿದ್ಲು. ‘ನನ್ನವು ಬರೇ ಬಣ್ಣ. ಮೆಣಸಿನಕಾಯಿಗೆ ಹೊಡದ ಎಣ್ಣಿ ಕೋಳಿ ಹೊಟ್ಟಿಗೆ ಹೋಗಿ, ಕಣ್ಣಿಗೆ ಬೇಕಾದ ಸತ್ವ ಕಮ್ಮಿ ಆಗೇತಂತ ಧಾರವಾಡದ ಹುಡುಗಿ ಹೇಳಿದ್ಲು. ಸತ್ವ ಇರೋದು ಬೀರವ್ವನ ತತ್ತಿಯೊಳಗ. ಅಕೀಗೆ ಮಾತ್ರ ಹೇಳಬ್ಯಾಡ, ನನ್ನ ಹೊಟ್ಟಿ ಉರೀತೈತಿ’ ಅಂತಿದ್ಲು.”

ಬೀರವ್ವ ಹೆಣದ ಮುಖವನ್ನೇ ನೋಡಿದಳು. ಇಷ್ಟು ವರ್ಷ ಉರಿ ತನ್ನ ಮನೆಯದ್ದು ಮಾತ್ರ ಎಂದುಕೊಂಡಿದ್ದಳು.

“ಬಾಯಿಬಿಟ್ಟು ಒಂದ್ ಸಲ ಹೇಳಿದ್ರ ಏನ್ ಗಂಟು ಹೋಗ್ತಿತ್ತ ನಿಂದು?” ಎಂದು ಮಂಗಳವ್ವನನ್ನೇ ಜಬರಿಸಿದಳು. ಆಮೇಲೆ ಅವಳ ಅಳು ನಿಲ್ಲಲಿಲ್ಲ.

ಮಣ್ಣು ಮಾಡಿ ಬಂದಾಗ ಹೊತ್ತು ಇಳಿದಿತ್ತು. ಬೆಳಗಿನಿಂದ ಕಾಳು ಕಾಣದ ಮಂಗಳವ್ವನ ಕೋಳಿಗಳು ಗೋಡೆ ಹಾರಿ ಬೀರವ್ವನ ಹಿತ್ತಲಿಗೆ ಇಳಿದಿದ್ದವು. ಅವಳು ಮೊರದಿಂದ ಜೋಳ ಚೆಲ್ಲಿದಳು. ಅವಳ ಹುಂಜ ರೆಕ್ಕೆ ಬಡಿದು ಅವುಗಳನ್ನು ಕುಕ್ಕಲು ಹೋಯಿತು. ಬೀರವ್ವ ಕೋಲೆತ್ತಿ ತನ್ನ ಹುಂಜವನ್ನೇ ಅಟ್ಟಿದಳು.