ಉಡಿ ತುಂಬಿದ ಕೈಯಲ್ಲೇ ರೆಕಾರ್ಡರ್

ನಮ್ಮ ಹ್ಯೂಸ್ಟನ್ ಕನ್ನಡಿಗರಿಗೆ ಕೊಡುವುದೆಂದರೆ ಬಹಳ ಖುಷಿ. ಕೊಟ್ಟ ಮೇಲೆ ಸುಮ್ಮನಿರುವುದು ಮಾತ್ರ ಕಷ್ಟ. ೨೦೦೯ರ ನವರಾತ್ರಿಯಲ್ಲಿ ಪಕ್ಕದ ಪೇರ್ಲ್ಯಾಂಡಿನ ಇಂದುಮತಿಯವರ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳಿ. ನಾನು ಕಾಶವ್ವ. ಇಲ್ಲೇ ದಿನಸಿ ಅಂಗಡಿ ಇಟ್ಟವಳು. ನನ್ನ ಬಾಯಿ ಸ್ವಲ್ಪ ಜೋರು, ಅದು ಎಲ್ಲರಿಗೂ ಗೊತ್ತು.

ಆಗ ಭೂತಾನದ ನಿರಾಶ್ರಿತರು ನಮ್ಮೂರಿಗೆ ಬರುತ್ತಿದ್ದರು. ನೇಪಾಳಿ ಮಾತಾಡುವ ಜನ. ತಮ್ಮ ದೇಶದಿಂದ ಹೊರದೂಡಿಸಿಕೊಂಡು, ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಬಿದಿರಿನ ಗುಡಿಸಲಲ್ಲಿ ಇದ್ದು ಬಂದವರು. ಇಂದುಮತಿ ಪ್ರತಿ ಶನಿವಾರ ಅವರಿಗೆ ಅಕ್ಕಿ, ಬೇಳೆ, ಕಂಬಳಿ ಒಯ್ಯುತ್ತಿದ್ದರು. ಅವರಲ್ಲೊಬ್ಬಳು ದೇವಿಮಾಯಾ. ಆಕೆಯನ್ನು ಅರಿಶಿನ ಕುಂಕುಮಕ್ಕೂ ಕರೆದಿದ್ದರು.

ಇಂದುಮತಿ ಆಕೆಯ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆ ಹಾಕಿ ಉಡಿ ತುಂಬಿದರು. ದೇವಿಮಾಯಾಳ ಕಣ್ಣು ತುಂಬಿ ಬಂತು. ತಕ್ಷಣ ಇಂದುಮತಿ ಮಗಳನ್ನು ಕರೆದರು.

"ಶ್ರಾವಣಿ, ಬಾರೇ. ಈಗ ಕೇಳು, ಈಗ ಇಲ್ಲ ಅನ್ನಲ್ಲ."

ಶ್ರಾವಣಿ ಯೂನಿವರ್ಸಿಟಿಯಲ್ಲಿ ನಿರಾಶ್ರಿತರ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ರೆಕಾರ್ಡರ್ ಒತ್ತಿ ಹಿಂದಿಯಲ್ಲಿ ಕೇಳಿದಳು, "ನಿಮ್ಮನ್ನು ಮನೆ ಬಿಡಿಸಿದ ದಿನ ಏನಾಯಿತು? ಮನೆಯವರ ಹೆಸರೆಲ್ಲ ಹೇಳಿ."

ದೇವಿಮಾಯಾ ಉಡಿಯನ್ನು ಬಿಗಿಯಾಗಿ ಹಿಡಿದಳು. ಅವಳಿಗೆ ಹೆದರಿಕೆಯಾಗಿದ್ದು ನನಗೆ ಕಂಡಿತು. ನನ್ನ ಮೈಯೆಲ್ಲ ಉರಿದುಹೋಯಿತು.

"ಬಂದ್ ಮಾಡವಾ ಅದನ್ನ!" ಅಂದೆ.

"ಯಾಕ್ರೀ ಕಾಶವ್ವ?" ಇಂದುಮತಿಗೆ ಸಿಟ್ಟು ಬಂತು. "ನಾವೇನು ಕೆಟ್ಟದ್ದಕ್ಕೆ ಕೇಳ್ತಿದೀವಾ? ಇವರ ಕಷ್ಟ ನಾಲ್ಕು ಜನಕ್ಕೆ ಗೊತ್ತಾದ್ರೆ ತಾನೇ ಸಹಾಯ ಬರೋದು?"

"ಉಡಿ ತುಂಬಿ ಬೆಲಿ ಕೇಳ್ತೀರೇನ್ರಿ? ಉಂಡ ಮನಿ ಜಂತಿ ಎಣಿಸಬಾರದು ಅಂತ ಆಕಿಗೂ ಗೊತ್ತೈತಿ. ನಿಮ್ಮ ಅಕ್ಕಿ ಉಡ್ಯಾಗ ಇಟ್ಕೊಂಡು ಆಕಿ ಒಲ್ಲೆ ಅಂತ ಹೆಂಗ ಅಂದಾಳು?"

"ಆಂಟಿ, ಈ ಪ್ರಶ್ನೆಗಳನ್ನ ಯೂನಿವರ್ಸಿಟಿ ಕಮಿಟಿ ಅಪ್ರೂವ್ ಮಾಡಿದೆ. ಒಪ್ಪಿಗೆ ಪತ್ರಕ್ಕೆ ಅವ್ರೇ ಸೈನ್ ಮಾಡ್ತಾರೆ," ಅಂದಳು ಶ್ರಾವಣಿ.

"ಸೈನ್ ಮಾಡ್ತಾಳ ಬಿಡವಾ, ಹೆದರಿ ಮಾಡ್ತಾಳ. ಒಲ್ಲೆ ಅಂದ್ರೂ ಶನಿವಾರ ಅಕ್ಕಿ ಬರ್ತದ ಅಂತ ಹೇಳೀಯೇನು?"

ಹುಡುಗಿ ತಾಯಿಯ ಮುಖ ನೋಡಿದಳು. ಇಬ್ಬರೂ ಹೇಳಿರಲಿಲ್ಲ.

"ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟಿ ಒಳಗ ನಮ್ಮ ತವರಮನಿ ಮುಳುಗಿತು," ಅಂದೆ. "ಆವಾಗ ಒಬ್ಬಾವ ಕ್ಯಾಮೆರಾ ಹಿಡ್ಕೊಂಡು ಬಂದ. ನಮ್ಮವ್ವ ಅತ್ತಳು. ಸರಿ ಬಂದಿಲ್ಲ, ಇನ್ನೊಮ್ಮೆ ಅಳ್ರಿ ಅಂದ. ನಮ್ಮವ್ವ ಕಸಬರಿಗಿ ತಗೊಂಡ್ಲು!"

ಆಮೇಲೆ ನಾನೇ ದೇವಿಮಾಯಾಳ ಪಕ್ಕ ಕೂತು ಹಿಂದಿಯಲ್ಲಿ ಹೇಳಿದೆ, "ತಂಗಿ, ನಿನಗೆ ಬೇಡವಾದರೆ ಬೇಡ ಅನ್ನು. ಅಕ್ಕಿ ನಿಲ್ಲುವುದಿಲ್ಲ. ಇವರು ನಿಲ್ಲಿಸಿದರೆ ನನ್ನ ಅಂಗಡಿಯಿಂದ ಬರುತ್ತದೆ."

ಆಕೆ ಎದ್ದು ನಿಂತಳು. "ಹೇಳುವುದಿಲ್ಲ," ಅಂದಳು. "ನನ್ನ ತಮ್ಮ ಇನ್ನೂ ಭೂತಾನದಲ್ಲಿದ್ದಾನೆ. ನಮ್ಮ ಹೆಸರು ಎಲ್ಲಾದರೂ ಅಚ್ಚಾದರೆ ಅವನನ್ನು ಹಿಡಿದು ಹಾಕಬಹುದು. ನಿಮ್ಮ ಸಂಶೋಧನೆ ಮುಗಿಯುತ್ತದೆ. ನನ್ನ ತಮ್ಮನ ಗತಿ?"

ಇಂದುಮತಿ ತಲೆಯ ಮೇಲೆ ಕೈಹೊತ್ತು ಕೂತರು. "ಅಯ್ಯೋ, ನನಗಿದು ಹೊಳೀಲೇ ಇಲ್ವಲ್ಲ," ಅಂದರು. ಶ್ರಾವಣಿ ರೆಕಾರ್ಡ್ ಆದದ್ದನ್ನು ಆಕೆಯ ಎದುರೇ ಅಳಿಸಿದಳು. ಮುಂದಿನ ಶನಿವಾರ ಇಂದುಮತಿ ಎಂದಿನಂತೆ ಅಕ್ಕಿ ಕೊಟ್ಟು, ಒಂದು ಪ್ರಶ್ನೆಯನ್ನೂ ಕೇಳದೆ ಬಂದರು.

ಕೆಲವು ವಾರ ಬಿಟ್ಟು ಶ್ರಾವಣಿ ಒಬ್ಬಳೇ, ಬರಿಗೈಯಲ್ಲಿ ಹೋದಳು. "ಏನಾದರೂ ಬರೆಯಬೇಕು ಅನ್ನಿಸಿದರೆ ನೀವೇ ಹೇಳಿ. ಬೇಡವಾದರೆ ಹೊರಡುತ್ತೇನೆ," ಅಂದಳು.

"ಹಿಂದಿನದನ್ನು ಬಿಡು," ಅಂದಳು ದೇವಿಮಾಯಾ. "ಇಲ್ಲಿಯದನ್ನು ಬರಿ. ಆಸ್ಪತ್ರೆಯಲ್ಲಿ ನಮ್ಮ ಭಾಷೆ ಬಲ್ಲವರಿಲ್ಲ. ಬಸ್ಸು ಹೋಗದ ಕಡೆ ಕೆಲಸ ಕೊಡುತ್ತಾರೆ. ಅದನ್ನು ಬರಿ. ಹೆಸರು ಬೇಡ, ಫೋಟೋ ಬೇಡ. ಬರೆದದ್ದನ್ನು ಮೊದಲು ನನಗೆ ಓದಿ ಹೇಳು."

ಹುಡುಗಿ ಹಾಗೇ ಓದಿ ಹೇಳಿದಳು. 'ಅಸಹಾಯಕ ಮಹಿಳೆಯೊಬ್ಬಳು' ಎಂಬಲ್ಲಿ ದೇವಿಮಾಯಾ ತಡೆದಳು.

"ಅದನ್ನು ಹೊಡೆದುಹಾಕು."

"ಏನಂತ ಬರೀಲಿ?"

"ಕೇಳಿದ್ದಕ್ಕೆಲ್ಲ ಉತ್ತರ ಕೊಡದವಳು ಅಂತ ಬರಿ."

ಶ್ರಾವಣಿ ನಗುತ್ತಾ ಹಾಗೇ ಬರೆದಳಂತೆ.

ನಿರಾಶ್ರಿತರ ಮನೆಗೆ ಪ್ರಶ್ನೆ ಹೊತ್ತು ಹೋಗುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಕೊಡುವ ದಿನ ಕೇಳಬೇಡಿ. ಉತ್ತರ ಕೊಡದಿದ್ದರೂ ಸಹಾಯ ನಿಲ್ಲದು ಎಂದು ಬಾಯಿಬಿಟ್ಟು ಹೇಳಿ. ಅವರ ಹೆಸರನ್ನು ಕಾಪಾಡಿ. ನೀವು ಬರೆದದ್ದನ್ನು ಊರಿಗಿಂತ ಮೊದಲು ಅವರು ಕೇಳಲಿ. ಒಲ್ಲೆ ಅಂದರೆ ಕೈಮುಗಿದು ಎದ್ದು ಬನ್ನಿ. ಅಷ್ಟಕ್ಕೇ ನಿಮಗೆ ಸಿಟ್ಟು ಬಂದರೆ, ಮೊದಲು ನಿಮ್ಮ ಮನೆಯ ಕಥೆಯನ್ನು ಊರಿಗೆಲ್ಲ ಹೇಳಿ ನೋಡಿ, ಹೆಸರು ಸಮೇತ.