ಪುಸ್ತಕದ ಉತ್ತರ

ಪರೀಕ್ಷೆಯ ಪರದೆಯ ಮೂಲೆಯಲ್ಲಿ ಇನ್ನೂ ಹನ್ನೊಂದು ನಿಮಿಷ ಉಳಿದಿತ್ತು. ಅರವತ್ತು ಪ್ರಶ್ನೆಗಳಿಗೂ ಯಶವಂತ ಉತ್ತರ ಒತ್ತಿಯಾಗಿತ್ತು. ಆಗಲೇ ಮುಗಿಸಿ ಎದ್ದಿದ್ದರೆ ಎಲ್ಲವೂ ಸುಖವಾಗಿ ಮುಗಿಯುತ್ತಿತ್ತೇನೋ. ಆದರೆ ಹದಿನೆಂಟು ವರ್ಷ ಕಂಪನಿಯ ಸರ್ವರ್ ಯಂತ್ರಗಳನ್ನು ಕಾದ ಮನುಷ್ಯನಿಗೆ, ಮಾಡಿದ ಕೆಲಸವನ್ನು ಇನ್ನೊಮ್ಮೆ ನೋಡದೆ ಬಿಡುವ ಅಭ್ಯಾಸವಿರಲಿಲ್ಲ.

ನಲವತ್ತಾರು ವಯಸ್ಸಾಗುವವರೆಗೂ ಸರ್ಟಿಫಿಕೇಟು ಬೇಕೆಂದು ಅವನಿಗೆ ಅನಿಸಿರಲಿಲ್ಲ. ಮಾದಾಪುರದ ಆಫೀಸಿನಲ್ಲಿ ಯಾವ ಯಂತ್ರ ಕೈಕೊಟ್ಟರೂ ಎಲ್ಲರೂ ಹುಡುಕುತ್ತಿದ್ದುದು ಅವನನ್ನೇ. ಈಗ ಹೊಸ ಗಿರಾಕಿ ಕಂಪನಿ ಪ್ರತಿ ಹೆಸರಿನ ಮುಂದೆ ಸರ್ಟಿಫಿಕೇಟಿನ ನಂಬರು ಕೇಳಿತ್ತು. ಶುಕ್ರವಾರ ಸಂಜೆಯೊಳಗೆ ನಂಬರು ಕೊಡದವರಿಗೆ ಮುಂದಿನ ತಿಂಗಳಿಂದ ಕೆಲಸವಿಲ್ಲ ಎಂದು ಮ್ಯಾನೇಜರು ತೆಲುಗಿನಲ್ಲಿ, ಚಹಾ ಕುಡಿಸಿಯೇ ಹೇಳಿದ್ದರು. ಇವತ್ತು ಶುಕ್ರವಾರ.

ಅವನಿಗೆ ಪಾಠ ಹೇಳಿದವಳು ಮೃಣಾಲಿನಿ. ಕಲಬುರಗಿಯ ಹುಡುಗಿ, ಮೂರು ವರ್ಷದ ಹಿಂದೆ ಸೇರಿದಾಗ ಅವಳಿಗೆ ಕೆಲಸ ಕಲಿಸಿದವನು ಇವನೇ. ಅವಳು ಹೋದ ವರ್ಷವೇ ಪಾಸಾಗಿದ್ದಳು. ಊಟದ ಬಿಡುವಿನಲ್ಲಿ ಪ್ರಶ್ನೆ ಕೇಳಿ, ಇವನ ಉತ್ತರಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು.

"ನೀವು ಮಾಡೂದು ಒತ್ತಬ್ಯಾಡ್ರಿ ಸರ್. ಅವ್ರ ಪುಸ್ತಕದಾಗ ಏನೈತಿ, ಅದನ್ನಷ್ಟ ಒತ್ರಿ."

ಹಾಗೆಯೇ ಒತ್ತಿದ್ದ. ಆದರೆ ತಿರುಗಿ ನೋಡುವಾಗ ಹದಿನೇಳನೆಯ ಪ್ರಶ್ನೆ ಅವನನ್ನು ತಡೆಯಿತು. ಡೇಟಾಬೇಸ್ ಏಕಾಏಕಿ ನಿಂತರೆ ಮೊದಲು ಏನು ಮಾಡಬೇಕು? ಮತ್ತೆ ಚಾಲೂ ಮಾಡಬೇಕು ಎನ್ನುವುದು ಪುಸ್ತಕ. ಡಿಸ್ಕ್ ತುಂಬಿದೆಯೇ ನೋಡಬೇಕು ಎನ್ನುವುದು ಇವನು. ನೋಡದೆ ಚಾಲೂ ಮಾಡಿ ಎರಡು ದಿನದ ದಾಖಲೆ ಹಾಳಾದದ್ದನ್ನು ಕಣ್ಣಾರೆ ಕಂಡಿದ್ದ. ಗೊತ್ತಿದ್ದೂ ಸುಳ್ಳು ಹೇಳಿದಂತಾಗಿ ಅವನಿಗೆ ನಾಚಿಕೆಯಾಯಿತು. ಉತ್ತರ ಬದಲಿಸಿದ. ಆಮೇಲೆ ಕೈ ನಿಲ್ಲಲಿಲ್ಲ. ಇನ್ನೂ ಐದನ್ನು ಬದಲಿಸಿದ.

ಪಾಸಾಗಲು ಏಳುನೂರು ಅಂಕ ಬೇಕಿತ್ತು. ಬಂದದ್ದು ಆರುನೂರ ಎಪ್ಪತ್ತು.

ಅಂಕದ ಹಾಳೆ ಹಿಡಿದು ಅಮೀರಪೇಟೆಯ ರಸ್ತೆಗಿಳಿದವನು ಫೋನು ಚಾಲೂ ಮಾಡಿದ. ಕೂಕಟ್‌ಪಲ್ಲಿಯ ಮನೆಯಿಂದ ಹೆಂಡತಿ ಗಿರಿಜಾಬಾಯಿ ಎರಡು ಸಲ ಕರೆ ಮಾಡಿದ್ದಳು, ಮೃಣಾಲಿನಿ ಒಂಬತ್ತು ಸಲ. ಹೆಂಡತಿಗೆ ಏನು ಹೇಳುವುದೆಂದು ತೋಚದೆ ಮೃಣಾಲಿನಿಗೇ ಮೊದಲು ಮಾಡಿದ.

"ಸರ್, ಡೇಟಾಬೇಸ್ ನಿಂತೈತ್ರಿ. ಎರಡು ಸಲ ಚಾಲೂ ಮಾಡ್ದೆ, ಏಳವಲ್ದು."

"ಮೂರನೇ ಸಲ ಮಾಡಬ್ಯಾಡ ತಂಗಿ. ಮೊದ್ಲ ಡಿಸ್ಕ್ ತುಂಬೈತೇನು ನೋಡು."

ತುಂಬಿತ್ತು. ಯಾವ ಹಳೆಯ ಫೈಲು ಎಲ್ಲಿಗೆ ಸರಿಸಬೇಕು, ಯಾವುದನ್ನು ಮುಟ್ಟಬಾರದು ಎಂದು ವಾಹನಗಳ ಗದ್ದಲದಲ್ಲಿ ಒಂದೊಂದಾಗಿ ಹೇಳಿದ. ಅವಳು ಒಂದೊಂದಾಗಿ ಮಾಡಿದಳು. ಕೊನೆಗೆ ಬಂತ್ರೀ ಎಂದು ಉಸಿರು ಬಿಟ್ಟು, ಪೇಪರ್ ಹೇಗಾಯಿತೆಂದು ಕೇಳಿದಳು.

"ಇದರ ರಿಪೋರ್ಟಿನಾಗ ನಿನ್ನ ಹೆಸರು, ನಿನ್ನ ನಂಬರ್ ಹಾಕು," ಎಂದ. "ನನಗ ನಂಬರ್ ಬರಲಿಲ್ಲ."

 ಹೇಳಿಯೂ ಇವನು ಫೋನು ಇಡಲಿಲ್ಲ. ನಿಂತದ್ದು ಚಾಲೂ ಆದ ಮೇಲೆ ಮತ್ತೆ ಬೀಳದೆಂದು ಖಾತ್ರಿಯಾಗಲು ಹತ್ತು ನಿಮಿಷ ಕಾಯುವುದು ಅವನ ರೂಢಿ. ನಡುವೆ ಗಿರಿಜಾಬಾಯಿಯ ಕರೆ ಬಂದು, ಸದ್ದು ಮಾಡಿ, ನಿಂತುಹೋಯಿತು. ಯಶವಂತ ಹಾಳೆಯನ್ನು ಮಡಚಿ ಜೇಬಿಗಿಟ್ಟು, ಮೆಟ್ರೊ ಕಂಬದ ನೆರಳಿನಲ್ಲಿ ಕೈಗಡಿಯಾರ ನೋಡುತ್ತ ನಿಂತ.