ವಿತ್‌ಡ್ರಾವಲ್ ಅಂದರೆ

ಹೊನ್ನಾಳಿಯ ಗೊಬ್ಬರದಂಗಡಿ ಮಹಾಂತೇಶ್ ಕುಡಿಯುತ್ತಾನೆಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಯೂರಿಯಾ ಚೀಲಗಳ ಸಂದಿಯಲ್ಲಿ ಬಾಟಲಿ ಇರುತ್ತಿತ್ತು, ಹಣೆಯ ಮೇಲೆ ವಿಭೂತಿ ಇರುತ್ತಿತ್ತು. ಎರಡಕ್ಕೂ ಜಗಳವಿರಲಿಲ್ಲ. ಗೊತ್ತೇ ಇಲ್ಲದವಳಂತೆ ಇರಬೇಕಾದವಳು ಹೆಂಡತಿ ಪ್ರೇಮಲತಾ ಒಬ್ಬಳೇ. ಪಾಪ, ವರ್ಷಗಟ್ಟಲೆ ಅದನ್ನು ನಿಭಾಯಿಸಿದಳು.

ಮಗಳು ಪೂಜಾಳನ್ನು ನೋಡಲು ಚನ್ನಗಿರಿ ಕಡೆಯವರು ಬರುತ್ತಾರೆಂದಾಗ ಅವಳ ತಾಳ್ಮೆ ಮುಗಿಯಿತು. ಒಂದು ಸೋಮವಾರ, ಪೂಜೆ ಮುಗಿದು ಇಷ್ಟಲಿಂಗ ಇನ್ನೂ ಗಂಡನ ಅಂಗೈಯಲ್ಲಿರುವಾಗಲೇ ಎದುರಿಗೆ ಬಂದು ಕೂತಳು.

"ಇದನ್ನ ಹಿಡ್ಕಂಡೇ ಹೇಳ್ರಿ, ಇನ್ನ ಮುಟ್ಟಲ್ಲ ಅಂತ."

ಮಹಾಂತೇಶ್ ಹೇಳಿದ. ಹೇಳಿದಂತೆ ನಡೆದುಕೊಂಡ ಕೂಡ. ಅವನು ಎಂದಿನಂತೆ ಮಾತು ತಪ್ಪಿದ್ದರೆ ಇವತ್ತು ಬದುಕಿರುತ್ತಿದ್ದನೇನೋ.

ಮಾರನೆಯ ದಿನ ಅವನ ಕೈ ನಡುಗಿತು, ಅಂಗಿ ಬೆವರಿನಿಂದ ಒದ್ದೆಯಾಯಿತು. "ಒಂದು ಗುಟುಕು ಲತಾ, ಔಷಧಿ ಅಂತ ತಿಳ್ಕ. ತಡಿಯಾಕೆ ಆಗ್ತಿಲ್ಲ" ಎಂದು ಗೋಗರೆದ. ಅವಳು ಎದ್ದು ಬಾಗಿಲ ತನಕ ಹೋದಳು. ಆದರೆ ಲಿಂಗ ಮುಟ್ಟಿ ಮಾಡಿದ ಆಣೆ. ಹಣೆಗೆ ವಿಭೂತಿ ಹಚ್ಚಿ ಮಜ್ಜಿಗೆ ಕೊಟ್ಟಳು. ಅದರ ಮರುದಿನ ಮೈ ಸುಡುತ್ತಿತ್ತು, ಅವನು ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕತೊಡಗಿದ. ಆಗ ಅವನ ಅಣ್ಣ ಬೆನಕಪ್ಪ ಕಾರು ತಂದರು.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಾಡಿ ಹಿಡಿದು ಕೇಳಿದರು: "ಕುಡಿಯೋ ಅಭ್ಯಾಸ ಇದೆಯಾ?"

ಬೆನ್ನ ಹಿಂದೆ ಬೆನಕಪ್ಪ ಕೆಮ್ಮಿದರು. ಪಕ್ಕದ ಬೆಂಚಿನಲ್ಲಿ ಪರಿಚಯದ ಮುಖಗಳಿದ್ದವು. ಆಣೆ ಮಾಡಿ ಬಿಟ್ಟವನನ್ನು ಕುಡುಕನೆಂದು ಹೇಗೆ ಹೇಳುವುದು?

"ಇಲ್ಲ ಮೇಡಂ. ನಾವು ಲಿಂಗ ಕಟ್ಟಿದ ಜನ."

ಡಾಕ್ಟರಮ್ಮ ನಂಬಿದರು. ಜ್ವರ ಮೆದುಳಿಗೆ ಏರಿರಬಹುದೆಂದು ಡ್ರಿಪ್ ಹಾಕಿದರು. ಸಂಜೆ ಹೊತ್ತಿಗೆ ಫಿಟ್ಸ್ ಬಂತು. ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಮುಟ್ಟಿಸಿದಾಗ ಅಲ್ಲಿಯ ಹಿರಿಯ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಈ ಸಲ ಅವಳು ಅಳುತ್ತ ಎಲ್ಲ ಹೇಳಿದಳು.

"ಇದು ವಿತ್‌ಡ್ರಾವಲ್ ಅಮ್ಮ. ದಿನಾ ಕುಡಿಯೋರು ಒಮ್ಮೆಲೇ ಬಿಟ್ಟರೆ ಮೈ ತಡೆಯೋದಿಲ್ಲ. ಅದಕ್ಕೆ ಔಷಧಿ ಇದೆ. ಮೊದಲೇ ಹೇಳಿದ್ದರೆ..." ಎಂದರು.

ಆ ಪದ ಅವಳಿಗೆ ಹೊಸದಲ್ಲ. ಬ್ಯಾಂಕಿನ ಚೀಟಿಯ ಮೇಲೆ ಓದಿದ್ದಳು. ಬೆನಕಪ್ಪ ಸೊಸೈಟಿ ಎಲೆಕ್ಷನ್ನಿನಲ್ಲಿ ನಾಮಪತ್ರ ವಿತ್‌ಡ್ರಾ ಮಾಡಿ ಹಾರ ಹಾಕಿಸಿಕೊಂಡು ಬಂದಿದ್ದರು. ಇಟ್ಟದ್ದನ್ನು ವಾಪಸ್ ತೆಗೆದುಕೊಂಡರೆ ಜೀವ ಹೋಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ಮಹಾಂತೇಶ್ ಹೋಗಿಬಿಟ್ಟ.

ಶಿವಗಣಾರಾಧನೆಯ ದಿನ ಅಂಗಳದ ತುಂಬ ಜನ. "ಮೆದುಳು ಜ್ವರ, ಏನು ಮಾಡಾಕಾಗ್ತದೆ" ಎಂದು ಬೆನಕಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಹೌದೌದೆಂದು ತಲೆಯಾಡಿಸಿ ಎಲ್ಲರೂ ಊಟಕ್ಕೆ ಕೂತರು. ಪ್ರೇಮಲತಾ ಕಂಬಕ್ಕೆ ಒರಗಿದ್ದಳು. ಆ ಸುಳ್ಳು ಅವಳಿಗೂ ಬೇಕಾಗಿತ್ತು. ಪೂಜಾಳಿಗೆ ಇನ್ನೂ ಮದುವೆಯಾಗಬೇಕಿತ್ತು.

ಪಕ್ಕದ ಮನೆಯ ಶೈಲಾ ಹತ್ತಿರ ಬಂದು ಕೈ ಹಿಡಿದುಕೊಂಡಳು. ಅವಳ ಗಂಡ ಕೊಟ್ರೇಶನೂ ಕುಡಿಯುವವನೇ.

"ಅಣ್ಣಾರು ಲಿಂಗ ಮುಟ್ಟಿ ಬಿಟ್ಟಿದ್ರಂತಲ್ಲಕ್ಕ. ಹೋಗೋ ಮುಂಚೆ ಎಂಥ ಪುಣ್ಯ! ಈ ಸೋಮವಾರ ನಮ್ಮೋರ ಕೈಲೂ ಹಂಗೇ ಆಣೆ ಮಾಡಿಸ್ತೀನಿ. ಎಷ್ಟು ಗೋಗರೆದ್ರೂ ಕೊಡಲ್ಲ."

ಪ್ರೇಮಲತಾ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಬ್ಯಾಡ ಶೈಲಾ! ಮೊದ್ಲು ಡಾಕ್ಟ್ರ ಹತ್ರ ಕರ್ಕಂಡು ಹೋಗು. ದಿನಾ ಕುಡಿತಾರೆ ಅಂತ ಬಾಯಿ ಬಿಟ್ಟು ಹೇಳು."

ಅವಳ ದನಿ ಏರಿತ್ತು. ಪಂಕ್ತಿಯಲ್ಲಿ ಕೂತವರ ಕೈ ನಿಂತಿತು. ಬೆನಕಪ್ಪ ಓಡಿಬಂದು, "ಪ್ರೇಮಾ, ಒಳಗೆ ನಡಿಯಮ್ಮ" ಎಂದರು. ಅವಳು ಒಮ್ಮೆ ಪೂಜಾಳ ಮುಖ ನೋಡಿದಳು, ಆಮೇಲೆ ಜನರ ಕಡೆ ತಿರುಗಿದಳು.

"ಜ್ವರ ಅಲ್ಲ. ನಮ್ಮ ಮನೆಯೋರು ಕುಡಿತಿದ್ರು. ಡಾಕ್ಟ್ರು ಕೇಳಿದಾಗ ನಾನು ಇಲ್ಲ ಅಂದೆ."